ಕಾರ್ವಸ್: ರೋಮನ್ ಹಡಗಿನ ಕಾಗೆ

ರೋಮಿನ ನೌಕಾಯುದ್ಧದ ಬಗ್ಗೆ ಬರೆಯುವವರು ‘ಕಾರ್ವಸ್’ ಎಂಬುದನ್ನು ಶತ್ರು ಹಡಗಿಗೆ ನುಗ್ಗಲು ಬಳಸಿದ ಸೇತುವೆಯಂತ್ರಕ್ಕೆ ರೋಮನ್ನರೇ ಇಟ್ಟ ಹೆಸರೆಂಬಂತೆ ಬಳಸುತ್ತಾರೆ. ಲ್ಯಾಟಿನ್ನಿನಲ್ಲಿ ಅದರ ಅರ್ಥ ಕಾಗೆ. ಆದರೆ ಈ ಯಂತ್ರವನ್ನು ವಿವರವಾಗಿ ಬಣ್ಣಿಸಿದ ಇತಿಹಾಸಕಾರ ಪಾಲಿಬಿಯಸ್ ಬರೆದದ್ದು ಗ್ರೀಕಿನಲ್ಲಿ. ಅವನ ಪದ ‘ಕೊರಾಕ್ಸ್’. ಅದೂ ಆಮೇಲೆ ಬಂದ ಹೆಸರೆಂದು ಅವನೇ ಸೂಚಿಸುತ್ತಾನೆ. ಕ್ರಿ.ಪೂ. 260ರ ಮೈಲೆ ಕಾಳಗದಲ್ಲಿ ಕಾರ್ತೇಜನ್ನು ಗೆದ್ದ ರೋಮನ್ ಸೇನಾನಿ ಡುಯಿಲಿಯಸ್ ಬಗ್ಗೆ ಬರೆದ ಲ್ಯಾಟಿನ್ ಲೇಖಕ ಫ್ರಾಂಟಿನಸ್ ಹೇಳುವುದು ‘ಕಬ್ಬಿಣದ ಕೈ’ಗಳ ಬಗ್ಗೆ. ಹಾಗಾಗಿ ಇಂದಿನ ‘ಕಾರ್ವಸ್’ ಗ್ರೀಕ್ ಪದಕ್ಕೆ ವಿದ್ವಾಂಸರು ತೊಡಿಸಿದ ಲ್ಯಾಟಿನ್ ಅಂಗಿ ಎನ್ನುವುದೇ ಸರಿ.

ಫ್ರಾಂಟಿನಸ್ ಹೇಳಿದ್ದು ಕಬ್ಬಿಣದ ಕೈ ಎಂದಾದರೆ ಈ ಯಂತ್ರ ಬರೀ ಕೊಂಡಿಯೇ, ಪಾಲಿಬಿಯಸ್ ಉತ್ಪ್ರೇಕ್ಷೆ ಮಾಡಿದನೇ ಎಂದು ಕೇಳುವವರಿದ್ದಾರೆ. ಅವನ ವಿವರ ಅಷ್ಟು ಸಡಿಲವಾಗಿಲ್ಲ. ಹಡಗಿನ ಮುಂಭಾಗದಲ್ಲಿ ಸುಮಾರು 24 ಅಡಿ ಎತ್ತರದ ಕಂಬ, ತುದಿಯಲ್ಲಿ ರಾಟೆ. ಅದಕ್ಕೆ 36 ಅಡಿ ಉದ್ದ, 4 ಅಡಿ ಅಗಲದ ಹಲಗೆಸೇತುವೆ, ಎರಡೂ ಬದಿಗೆ ಮೊಣಕಾಲೆತ್ತರದ ತಡೆ. ಕೊನೆಯಲ್ಲಿ ಒನಕೆಯಂಥ ಚೂಪು ಕಬ್ಬಿಣ, ಅದರ ತಲೆಯಲ್ಲಿ ಹಗ್ಗ ಕಟ್ಟುವ ಬಳೆ. ಹಗ್ಗ ಬಿಟ್ಟರೆ ಕಬ್ಬಿಣ ಶತ್ರುವಿನ ಅಟ್ಟಕ್ಕೆ ನಾಟುತ್ತಿತ್ತು. ಸೈನಿಕರು ಸೇತುವೆಯ ಮೇಲೆ ನುಗ್ಗುತ್ತಿದ್ದರು. ಕೊಕ್ಕಿನಂತೆ ಕುಕ್ಕುವ ಈ ಮೊನೆಯಿಂದಲೇ ಕಾಗೆಯ ಹೆಸರು ಬಂದಿರಬೇಕು. ಕೇವಲ ಕೊಂಡಿಗೆ ತಡೆಗೋಡೆ ಏಕೆ ಬೇಕು? ಆದರೆ ಕ್ರಿ.ಪೂ. 256ರ ಎಕ್ನೋಮಸ್ ಕಾಳಗದ ನಂತರ ಪಾಲಿಬಿಯಸ್ ಈ ಯಂತ್ರದ ಮಾತೆತ್ತುವುದಿಲ್ಲ. 241ರಲ್ಲಿ ಕಾರ್ತೇಜ್ ಜೊತೆಗಿನ ಈ ಯುದ್ಧವನ್ನು ಮುಗಿಸಿದ ಏಗೇಟ್ಸ್ ದ್ವೀಪಗಳ ಗೆಲುವಿನಲ್ಲೂ ಅದರ ಪ್ರಸ್ತಾಪವಿಲ್ಲ.