ಮನುಷ್ಯಜೀವನದ ಗುರಿ: ಕ್ರೈಸ್ತ ಚಿಂತನೆಯ ಇತಿಹಾಸ

ಮನುಷ್ಯ ಹುಟ್ಟಿದ್ದು ಏತಕ್ಕೆ ಎಂಬುದಕ್ಕೆ ಕ್ರೈಸ್ತ ಪರಂಪರೆ ಕೊಡುವ ಉತ್ತರ ಸ್ಥೂಲವಾಗಿ ಒಂದೇ: ದೇವರನ್ನು ಅರಿಯಲು, ಪ್ರೀತಿಸಲು, ಕೊನೆಗೆ ಆತನ ಸಾನ್ನಿಧ್ಯದಲ್ಲಿ ನೆಲೆಸಲು. ಭಿನ್ನಾಭಿಪ್ರಾಯಗಳಿರುವುದು ಇವುಗಳಲ್ಲಿ ಯಾವುದು ಮೊದಲು, ಈ ಲೋಕದ ಬದುಕಿಗೆ ಅದರಲ್ಲಿ ಎಷ್ಟು ಬೆಲೆ ಎಂಬ ವಿಷಯದಲ್ಲಿ.

ಬೈಬಲ್ ಈ ಪ್ರಶ್ನೆಯನ್ನು ಸಿದ್ಧಾಂತವಾಗಿ ಚರ್ಚಿಸುವುದಿಲ್ಲ. ಮನುಷ್ಯ ದೇವರ ಸ್ವರೂಪದಲ್ಲಿ ಸೃಷ್ಟಿಯಾದವನು, ಭೂಮಿಯ ಮೇಲ್ವಿಚಾರಣೆ ಅವನ ಪಾಲಿಗೆ ಬಂದಿದೆ ಎಂದು ಆದಿಕಾಂಡ ಹೇಳುತ್ತದೆ. ಎಲ್ಲವೂ ವ್ಯರ್ಥವೆಂದು ಹಲುಬುವ ಪ್ರಸಂಗಿ ಕೊನೆಗೆ ದೈವಭಯದಲ್ಲಿ ಬಂದು ನಿಲ್ಲುತ್ತಾನೆ. ಯೇಸು ಧರ್ಮಶಾಸ್ತ್ರವನ್ನೆಲ್ಲ ದೇವರ ಮೇಲಿನ ಪ್ರೀತಿ, ನೆರೆಯವನ ಮೇಲಿನ ಪ್ರೀತಿ ಎಂಬ ಎರಡು ಆಜ್ಞೆಗಳಿಗೆ ಇಳಿಸುತ್ತಾನೆ. ಇವನ್ನೆಲ್ಲ ಕೂಡಿಸಿ ಪರಮ ಗುರಿ ಯಾವುದೆಂದು ಕೇಳುವ ಅಭ್ಯಾಸ ಬಂದದ್ದು ಗ್ರೀಕ್ ತತ್ತ್ವಶಾಸ್ತ್ರದ ಸಹವಾಸದಿಂದ.

2ನೆಯ ಶತಮಾನದಲ್ಲಿ ಲಿಯಾನ್ ನಗರದ ಬಿಷಪ್ ಆಗಿದ್ದ ಐರೇನಿಯಸ್, ದೇಹವನ್ನೂ ಜಗತ್ತನ್ನೂ ಕೀಳು ದೇವತೆಯೊಬ್ಬನ ಕೈತಪ್ಪೆಂದು ಬಗೆಯುತ್ತಿದ್ದ ಗ್ನಾಸ್ಟಿಕ್ ಪಂಥಗಳೊಡನೆ ವಾದಕ್ಕಿಳಿದ. ಮನುಷ್ಯ ಪೂರ್ಣವಾಗಿ ಜೀವಿಸುವುದೇ ದೇವರ ಮಹಿಮೆ, ದೇವರ ದರ್ಶನವೇ ಮನುಷ್ಯನ ಜೀವ ಎಂಬುದು ಅವನ ನಿಲುವು. 4ನೆಯ ಶತಮಾನದ ಅಲೆಕ್ಸಾಂಡ್ರಿಯದ ಅಥನೇಷಿಯಸ್ ಇನ್ನೊಂದು ಹೆಜ್ಜೆ ಮುಂದೆ ಹೋದ: ದೇವರು ಮನುಷ್ಯನಾದದ್ದೇ ಮನುಷ್ಯ ದೈವತ್ವ ಪಡೆಯಲೆಂದು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಇಂದಿಗೂ ಈ ದೈವೀಕರಣವನ್ನೇ ಬಾಳಿನ ಗುರಿಯೆಂದು ಬೋಧಿಸುತ್ತವೆ. ಇದು ದೇವರಲ್ಲಿ ಲೀನವಾಗುವುದಲ್ಲ. ದೇವರ ತತ್ತ್ವವನ್ನು ಯಾರೂ ಮುಟ್ಟಲಾರರು, ಆತನ ಶಕ್ತಿಗಳಲ್ಲಿ ಪಾಲ್ಗೊಳ್ಳಬಲ್ಲರು ಎಂದು 14ನೆಯ ಶತಮಾನದಲ್ಲಿ ಆಥೋಸ್ ಪರ್ವತದ ಸನ್ಯಾಸಿ ಗ್ರೆಗರಿ ಪಲಮಾಸ್ ಪ್ರತಿಪಾದಿಸಿದ. ಕಾನ್‌ಸ್ಟಾಂಟಿನೋಪಲ್‌ನಲ್ಲಿ 1341 ಮತ್ತು 1351ರಲ್ಲಿ ನಡೆದ ಸಭೆಗಳು ಅವನ ಪಕ್ಷ ವಹಿಸಿದವು. ಅದ್ವೈತದ ಮೋಕ್ಷದೊಂದಿಗೆ ಇದನ್ನು ಹೋಲಿಸಹೊರಟವರು ಈ ಗೆರೆಯನ್ನು ಗಮನಿಸಬೇಕು.

ಪಶ್ಚಿಮದ ಚಿಂತನೆಗೆ ದಿಕ್ಕು ತೋರಿದವನು ಉತ್ತರ ಆಫ್ರಿಕದ ಅಗಸ್ಟೀನ್ (354–430). ಗೋಥರು 410ರಲ್ಲಿ ರೋಮ್ ನಗರವನ್ನು ಸೂರೆಮಾಡಿದ ಮೇಲೆ ಅವನು ಬರೆಯತೊಡಗಿದ ‘ದೇವನಗರ’ದ 19ನೆಯ ಭಾಗ ಈ ವಿಷಯಕ್ಕೇ ಮೀಸಲು. ಪರಮ ಶ್ರೇಯಸ್ಸಿನ ಬಗ್ಗೆ 288 ಪಂಥಗಳು ಸಾಧ್ಯವೆಂದು ರೋಮನ್ ವಿದ್ವಾಂಸ ವಾರೋ ಲೆಕ್ಕ ಹಾಕಿದ್ದ. ಅಗಸ್ಟೀನ್ ಆ ಲೆಕ್ಕವನ್ನು ಸಾವಧಾನದಿಂದ ಬಿಡಿಸಿಟ್ಟು, ಈ ಜನ್ಮದಲ್ಲೇ, ಸ್ವಂತ ಬಲದಿಂದಲೇ ಸುಖ ಕಟ್ಟಿಕೊಳ್ಳಬಹುದೆಂಬ ಭ್ರಮೆ ಎಲ್ಲರಿಗೂ ಸಮಾನವೆನ್ನುತ್ತಾನೆ. ಅವನ ಪುರಾವೆ ತರ್ಕಕ್ಕಿಂತ ಹೆಚ್ಚಾಗಿ ಬದುಕಿನದು: ರೋಗ, ಯುದ್ಧ, ಸ್ನೇಹಿತರ ಸಾವು, ಸತ್ಯ ತಿಳಿಯಲೆಂದು ನಿರಪರಾಧಿಯನ್ನು ಚಿತ್ರಹಿಂಸೆಗೆ ಒಪ್ಪಿಸಬೇಕಾದ ನ್ಯಾಯಾಧೀಶ. ಆದ್ದರಿಂದ ಪರಮ ಶ್ರೇಯಸ್ಸು ನಿತ್ಯಜೀವ; ಇಲ್ಲಿ ಅದರ ಭರವಸೆ ಮಾತ್ರ.

ಅವನ ಮತ್ತೊಂದು ವಿಂಗಡಣೆ ಇನ್ನೂ ಪ್ರಭಾವಶಾಲಿ, ಇನ್ನೂ ತೊಡಕಿನದು. ಕೆಲವನ್ನು ಬಳಸಬೇಕು, ಕೆಲವನ್ನು ಅನುಭವಿಸಬೇಕು. ತನಗೋಸ್ಕರವೇ ಅನುಭವಿಸತಕ್ಕವನು ದೇವರೊಬ್ಬನೇ. ಊರಿಗೆ ಹೊರಟ ಪಯಣಿಗ ಹಡಗಿನ ಸೊಗಸಿಗೆ ಮರುಳಾಗಿ ಊರನ್ನೇ ಮರೆಯಬಾರದು. ಹಾಗಾದರೆ ನೆರೆಯವನು? ಅವನೂ ಹಡಗೇ? ಅಗಸ್ಟೀನನೇ ಇಲ್ಲಿ ತಡವರಿಸುತ್ತಾನೆ. ತತ್ತ್ವಚಿಂತಕಿ ಹಾನಾ ಅರೆಂಟ್ 1929ರಲ್ಲಿ ಪ್ರಕಟಿಸಿದ ತನ್ನ ಸಂಶೋಧನ ಪ್ರಬಂಧದಲ್ಲಿ ಹಿಡಿದದ್ದು ಈ ಎಳೆಯನ್ನೇ. ಅವಳ ಆಕ್ಷೇಪಕ್ಕೆ ತೃಪ್ತಿಕರ ಸಮಾಧಾನ ಸಿಕ್ಕಿದೆಯೆಂದು ಹೇಳುವುದು ಕಷ್ಟ.

ತಾಮಸ್ ಅಕ್ವಿನಾಸ್ (1225–1274) ಅರಿಸ್ಟಾಟಲನ ಚೌಕಟ್ಟಿನಲ್ಲಿ ಪರಮ ಶ್ರೇಯಸ್ಸಿನ ಈ ಚರ್ಚೆಗೆ ಶಿಸ್ತು ತಂದ. ‘ಸುಮ್ಮಾ ಥಿಯಾಲಜಿಯೆ’ಯ ಎರಡನೆಯ ಭಾಗದ ಆರಂಭದಲ್ಲಿ ಸಿರಿ, ಗೌರವ, ಕೀರ್ತಿ, ಅಧಿಕಾರ, ದೇಹಸೌಖ್ಯ, ಭೋಗ, ಆತ್ಮದ ಗುಣ, ಕೊನೆಗೆ ಸೃಷ್ಟಿಯಾದ ಯಾವುದೇ ವಸ್ತು ಎಂದು ಎಂಟು ಉಮೇದುವಾರರನ್ನು ಒಂದೊಂದಾಗಿ ತಳ್ಳಿಹಾಕಿ, ದೇವರ ಸಾಕ್ಷಾತ್ ದರ್ಶನವೇ ಆನಂದವೆಂದು ತೀರ್ಮಾನಿಸುತ್ತಾನೆ. ಈ ದರ್ಶನ ಸತ್ತ ಕೂಡಲೇ ದೊರೆಯುವುದೋ, ಅಂತಿಮ ತೀರ್ಪಿನವರೆಗೆ ಕಾಯಬೇಕೋ ಎಂಬ ಬಗ್ಗೆ ಪೋಪ್ 22ನೆಯ ಜಾನ್ ಮಾಡಿದ ಉಪದೇಶಗಳು ಗದ್ದಲವೆಬ್ಬಿಸಿದವು. ಪರಿಶುದ್ಧರಾದ ಆತ್ಮಗಳು ಕಾಯಬೇಕಿಲ್ಲವೆಂದು ಅವನ ಉತ್ತರಾಧಿಕಾರಿ 12ನೆಯ ಬೆನೆಡಿಕ್ಟ್ 1336ರಲ್ಲಿ ಶಾಸನ ಹೊರಡಿಸಿದ.

16ನೆಯ ಶತಮಾನದವರೆಗೂ ಈ ಚರ್ಚೆ ಬಹುಮಟ್ಟಿಗೆ ಮಠ ಮತ್ತು ವಿಶ್ವವಿದ್ಯಾಲಯಗಳಲ್ಲೇ ಇತ್ತು. ಅದನ್ನು ಮಕ್ಕಳ ನಾಲಿಗೆಗೆ ತಂದದ್ದು ಮುದ್ರಣಯಂತ್ರ ಮತ್ತು ಪ್ರಶ್ನೋತ್ತರ ಪುಸ್ತಕಗಳು. ಇತಿಹಾಸದ ದೃಷ್ಟಿಯಿಂದ ನಿಜವಾದ ತಿರುವು ಇದೇ ಎನ್ನಬೇಕು, ಏಕೆಂದರೆ ಓದು ಬಾರದವರೂ ಬಾಯಿಪಾಠವಾಗಿ ಈ ಉತ್ತರವನ್ನು ಒಪ್ಪಿಸತೊಡಗಿದರು. ಪ್ರೊಟೆಸ್ಟೆಂಟ್ ಸುಧಾರಕ ಮಾರ್ಟಿನ್ ಲೂಥರನ 1529ರ ಕಿರುಪುಸ್ತಕ ಹತ್ತು ಆಜ್ಞೆಗಳಿಂದ ತೊಡಗುತ್ತದೆ, ಗುರಿಯ ಪ್ರಶ್ನೆಯೇ ಅಲ್ಲಿಲ್ಲ. ಆದರೆ ದೇವರಿಗೆ ಮೆಚ್ಚುಗೆಯಾಗಿ ಬಾಳಲು ಸನ್ಯಾಸವೇ ಬೇಕಿಲ್ಲ, ಮನೆಗೆಲಸದವಳ ಕಸಬರಿಗೆಯೂ ಸಾಕು ಎಂದು ಬೋಧಿಸಿ ಅವನು ನಿತ್ಯದ ದುಡಿಮೆಯನ್ನು ಗುರಿಯೊಳಗೆ ಸೇರಿಸಿದ. ಜಾನ್ ಕ್ಯಾಲ್ವಿನ್ ಜಿನೀವಾದ ಮಕ್ಕಳಿಗೆಂದು 1540ರ ದಶಕದಲ್ಲಿ ಬರೆದ ಪ್ರಶ್ನೋತ್ತರದಲ್ಲಿ ಮಾತ್ರ ಮೊದಲ ಪ್ರಶ್ನೆಯೇ ಜೀವನದ ಮುಖ್ಯ ಗುರಿಯ ಕುರಿತದ್ದು. ಉತ್ತರ, ದೇವರನ್ನು ಅರಿಯುವುದು. 1563ರ ಹೈಡಲ್‌ಬರ್ಗ್ ಪ್ರಶ್ನೋತ್ತರ ಪುಸ್ತಕ ಬೇರೆ ದಾರಿ ಹಿಡಿದು, ಬದುಕಿಗೂ ಸಾವಿಗೂ ಆಸರೆ ಯಾವುದೆಂದು ಕೇಳಿತು. ಗುರಿಗಿಂತ ಮೊದಲು ಸಾಂತ್ವನ ಎಂಬ ಈ ಕ್ರಮದಲ್ಲಿ ಹೆಚ್ಚು ಮಾನವೀಯತೆಯಿದೆ.

ಇಂಗ್ಲೆಂಡಿನ ಅಂತರ್ಯುದ್ಧದ ನಡುವೆ 1643ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸೇರಿದ ಪಂಡಿತಸಭೆ 1647ರಲ್ಲಿ ಮುಗಿಸಿದ 107 ಪ್ರಶ್ನೆಗಳ ಲಘು ಪ್ರಶ್ನೋತ್ತರ ಎಲ್ಲಕ್ಕಿಂತ ಹೆಚ್ಚು ಹೆಸರಾಯಿತು. ದೇವರನ್ನು ಮಹಿಮೆಪಡಿಸುವುದರ ಜೊತೆಗೆ ಆತನಲ್ಲಿ ಎಂದೆಂದೂ ಆನಂದಿಸುವುದನ್ನೂ ಅದರ ಮೊದಲ ಉತ್ತರ ಸೇರಿಸುತ್ತದೆ. ಸೊಟ್ಟಮೋರೆಯವರೆಂದು ಗೇಲಿಗೊಳಗಾದ ಪ್ಯೂರಿಟನ್ನರ, ಅಂದರೆ ಕಟ್ಟುನಿಟ್ಟಿನ ಇಂಗ್ಲಿಷ್ ಪ್ರೊಟೆಸ್ಟೆಂಟರ, ಪುಸ್ತಕ ಆನಂದದಿಂದ ಆರಂಭವಾಗುವುದು ಸೋಜಿಗವೇ ಸರಿ. ಅಮೆರಿಕದ ಪಾದ್ರಿ ಜೊನಾಥನ್ ಎಡ್ವರ್ಡ್ಸ್, ಮರಣಾನಂತರ 1765ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ, ದೇವರ ಮಹಿಮೆಯೂ ಮನುಷ್ಯನ ಸುಖವೂ ಎರಡಲ್ಲ, ಒಂದೇ ಎಂದು ವಾದಿಸಿದ.

ಕಥೋಲಿಕರಲ್ಲಿ ಇಗ್ನೇಷಿಯಸ್ ಲೊಯೋಲಾನ ‘ಆಧ್ಯಾತ್ಮಿಕ ಸಾಧನೆಗಳು’ (ಪೋಪ್ ಮಾನ್ಯತೆ 1548) ದೇವರ ಸ್ತುತಿ ಮತ್ತು ಸೇವೆಯನ್ನು ಗುರಿಯಾಗಿಟ್ಟು, ಮಿಕ್ಕದ್ದನ್ನು ಅದಕ್ಕೆ ಒದಗುವಷ್ಟೇ ಬಳಸಬೇಕೆಂದಿತು. ಇಲ್ಲಿ ಅಗಸ್ಟೀನನ ದನಿ ಕೇಳುತ್ತದೆ. ಇಗ್ನೇಷಿಯಸ್ ಸ್ಥಾಪಿಸಿದ ಜೆಸುಯಿಟ್ ಸಂಘದವರಿಂದಲೇ ಪ್ರಶ್ನೋತ್ತರ ನಮ್ಮ ಕರಾವಳಿಗೂ ಬಂತು. ಆ ಸಂಘದ ತಾಮಸ್ ಸ್ಟೀಫನ್ಸ್ ಕೊಂಕಣಿಯಲ್ಲಿ ರಚಿಸಿದ ಪುಸ್ತಕ 1622ರಲ್ಲಿ, ಅವನು ತೀರಿಕೊಂಡ ಮೇಲೆ, ಗೋವೆಯ ರಾಚೋಲ್‌ನಲ್ಲಿ ಅಚ್ಚಾಯಿತು. ಗೋವೆಯಿಂದ ವಲಸೆ ಬಂದ ಮಂಗಳೂರಿನ ಕಥೋಲಿಕರ ಮನೆಗಳಲ್ಲಿ ಮಕ್ಕಳ ಧರ್ಮಪಾಠವನ್ನು ದೊತೊರ್ನ್ ಎನ್ನುತ್ತಾರೆ. ಪ್ರೊಟೆಸ್ಟೆಂಟರ ಪಾಲಿಗೆ, 1834ರಲ್ಲಿ ಮಂಗಳೂರಿಗಿಳಿದ ಬಾಸೆಲ್ ಮಿಷನ್, ನಿತ್ಯದ ದುಡಿಮೆಯ ಬಗ್ಗೆ ಲೂಥರ್ ಬೋಧಿಸಿದ್ದನ್ನು ನೆನಪಿಸುವಂತೆ, ಕುಲಕಸುಬು ಕಳೆದುಕೊಂಡ ಮತಾಂತರಿತರಿಗೆ ನೇಯ್ಗೆಯನ್ನೂ, 1865ರಿಂದ ಹಂಚಿನ ಕಾರ್ಖಾನೆಯ ಕೆಲಸವನ್ನೂ ಒದಗಿಸಿತು.

20ನೆಯ ಶತಮಾನದಲ್ಲಿ ಒತ್ತು ಈ ಲೋಕದ ಕಡೆಗೆ ವಾಲಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಹೊರತಂದ ‘ಗೌದಿಯುಮ್ ಎತ್ ಸ್ಪೆಸ್’, ತನ್ನನ್ನು ಇತರರಿಗೆ ಕೊಟ್ಟುಕೊಳ್ಳದೆ ಮನುಷ್ಯ ತನ್ನನ್ನು ಕಂಡುಕೊಳ್ಳಲಾರನೆಂದಿತು. ಪೆರುವಿನ ಪಾದ್ರಿ ಗುಸ್ತಾವೊ ಗುಟಿಯೆರೆಜ್ 1971ರ ತನ್ನ ವಿಮೋಚನಾ ದೇವತಾಶಾಸ್ತ್ರದ ಗ್ರಂಥದಲ್ಲಿ ಬಡವರ ಬಿಡುಗಡೆಯನ್ನು ರಕ್ಷಣೆಯಿಂದ ಬೇರ್ಪಡಿಸಲಾಗದೆಂದು ವಾದಿಸಿದ. ಗುರಿಯನ್ನು ರಾಜಕೀಯಕ್ಕೆ ಇಳಿಸಲಾಗುತ್ತಿದೆ ಎಂದು ವ್ಯಾಟಿಕನ್ 1984ರಲ್ಲಿ ಈ ಪಂಥದ ಕೆಲವು ಧಾರೆಗಳನ್ನು ಎಚ್ಚರಿಸಿತು. 1992ರ ಬೃಹತ್ ಕಥೋಲಿಕ ಧರ್ಮೋಪದೇಶ ಗ್ರಂಥ ಪ್ರಶ್ನೋತ್ತರವನ್ನು ಬಿಟ್ಟು ಗದ್ಯರೂಪ ತಾಳಿತ್ತು. 2005ರ ಅದರ ಸಂಗ್ರಹ 598 ಪ್ರಶ್ನೆಗಳೊಂದಿಗೆ ಹಳೆಯ ರೂಪಕ್ಕೆ ಮರಳಿತು. ಯುವಜನರಿಗೆಂದು 2011ರಲ್ಲಿ ಬಂದ ‘ಯೂಕ್ಯಾಟ್’ನ ಮೊದಲ ಪ್ರಶ್ನೆ, ನಾವು ಭೂಮಿಯ ಮೇಲೆ ಏತಕ್ಕಿದ್ದೇವೆ ಎಂಬುದು.