ಹ್ಯಾಶ್ ಮೌಲ್ಯದಿಂದ ತಂತ್ರಾಂಶ ಕಡತಗಳ ಗುರುತು

ಒಂದು ಕಡತ ಯಾವ ತಂತ್ರಾಂಶದ್ದೆಂದು ಅದರ ಹೆಸರನ್ನು ನಂಬದೆ, ಒಳಗಿನ ಬೈಟುಗಳಿಂದ ಲೆಕ್ಕಹಾಕಿದ ಹ್ಯಾಶ್ ಮೌಲ್ಯದಿಂದ ಪತ್ತೆಹಚ್ಚುವ ವಿಧಾನ. ಕಡತದ ಹೆಸರು ಬದಲಿಸಿದರೂ ಮೌಲ್ಯ ಹಾಗೆಯೇ ಉಳಿಯುತ್ತದೆ. ಒಳಗಿನ ಒಂದು ಬಿಟ್ ಬದಲಾದರೆ ಪೂರ್ತಿ ಬೇರೆಯಾಗುತ್ತದೆ.

ಬಳಕೆ

ಸಿಂಧನೂರು, ಲಿಂಗಸುಗೂರು, ಮಸ್ಕಿಯಂಥ ಊರಿನಲ್ಲಿ ತನಿಖೆಗಾಗಿ ಜಪ್ತಿಯಾದ ಕಂಪ್ಯೂಟರಿನಲ್ಲೂ ಲಕ್ಷಾಂತರ ಕಡತಗಳಿರಬಹುದು. ಅವುಗಳಲ್ಲಿ ಬಹುಪಾಲು ವಿಂಡೋಸ್ ಮತ್ತಿತರ ತಂತ್ರಾಂಶಗಳವು. ಅವನ್ನು ಬದಿಗಿಟ್ಟರೆ ಬಳಕೆದಾರ ಸೃಷ್ಟಿಸಿದ್ದು ಕಣ್ಣಿಗೆ ಬೀಳುತ್ತದೆ. ಇದಕ್ಕೆ ಹೆಚ್ಚಾಗಿ ನೆರವಾಗುವುದು ಅಮೆರಿಕದ ನಿಸ್ಟ್ ಸಂಸ್ಥೆಯ ನ್ಯಾಷನಲ್ ಸಾಫ್ಟ್‌ವೇರ್ ರೆಫರೆನ್ಸ್ ಲೈಬ್ರರಿಯ ಪಟ್ಟಿ. ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಕಡತ ನಿರಪಾಯವೆಂದಲ್ಲ. ದುರ್ಬಳಕೆಗೆ ಒದಗುವ ಉಪಕರಣಗಳೂ ಅದರಲ್ಲಿವೆ. ಪಟ್ಟಿಯಲ್ಲಿಲ್ಲದ ಸ್ಥಳೀಯ ತಂತ್ರಾಂಶವಿದ್ದರೆ ಮೂಲ ಪ್ರತಿಯಿಂದ ಪರೀಕ್ಷಕರೇ ಮೌಲ್ಯ ತೆಗೆದಿಟ್ಟುಕೊಳ್ಳಬೇಕು.

ಕಾನೂನು

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 3ನೇ ಕಲಮು ಹ್ಯಾಶ್ ಕ್ರಿಯೆಯನ್ನು ವಿವರಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನೂ ಅದನ್ನು ತೆಗೆದ ವಿಧಾನವನ್ನೂ ನಮೂದಿಸಬೇಕು.

ವಿಧಾನಗಳ ಬಲಾಬಲ

ರೊನಾಲ್ಡ್ ರಿವೆಸ್ಟ್ ರೂಪಿಸಿದ, 1992ರಲ್ಲಿ ಪ್ರಕಟವಾದ 128 ಬಿಟ್‌ಗಳ ಎಂಡಿ5 ಎಂಬ ಹ್ಯಾಶ್ ವಿಧಾನಕ್ಕೆ 2004ರಲ್ಲಿ ಶಿಯಾವ್‌ಯುನ್ ವಾಂಗ್ ತಂಡ ಡಿಕ್ಕಿ ತೋರಿಸಿತು. ಅಂದರೆ ಬೇರೆ ಬೇರೆ ದತ್ತಾಂಶಗಳಿಗೆ ಒಂದೇ ಮೌಲ್ಯ ಬಂತು. 160 ಬಿಟ್‌ಗಳ ಶಾ-1ಕ್ಕೂ 2017ರಲ್ಲಿ ಇದೇ ಗತಿಯಾಯಿತು. ಆದರೆ ಡಿಕ್ಕಿಯಲ್ಲಿ ಎರಡೂ ಕಡತಗಳನ್ನು ರಚಿಸುವವನು ದಾಳಿಕಾರನೇ. ಬೇರೆಯವರು ಮೊದಲೇ ಸಿದ್ಧಪಡಿಸಿದ ಕಡತದ ಮೌಲ್ಯಕ್ಕೆ ಹೊಂದುವ ಇನ್ನೊಂದನ್ನು ಕಟ್ಟುವುದು ಬಹಳ ಕಷ್ಟ. ಎಂಡಿ5ಕ್ಕೂ ಅದು ಪ್ರಾಯೋಗಿಕವಾಗಿ ಸಾಧ್ಯವಾಗಿಲ್ಲ. ಹೀಗಾಗಿ ಹಳೆಯ ಪಟ್ಟಿಗಳು ಪೂರ್ತಿ ನಿರುಪಯೋಗಿಯಲ್ಲ, ಆದರೂ ಹೊಸ ಕೆಲಸಕ್ಕೆ ಶಾ-256 ಬಳಸುವುದೇ ಸರಿ.

ಕನ್ನಡ ಕಡತಗಳ ತೊಡಕು

ಹ್ಯಾಶ್ ನೋಡುವುದು ಬೈಟನ್ನು, ಅಕ್ಷರವನ್ನಲ್ಲ. ಯುಟಿಎಫ್-8ರಲ್ಲಿ ‘ಕೋ’ ಎಂಬುದನ್ನು ಸ್ವರಚಿಹ್ನೆಗೆ ಒಂದೇ ಸಂಕೇತ ಕೊಟ್ಟು ಬರೆದರೆ 6 ಬೈಟು. ಎತ್ವ, ಕೊಂಬು, ದೀರ್ಘಗಳನ್ನು ಬಿಡಿಯಾಗಿ ಬರೆದರೆ 12. ಪರದೆಯ ಮೇಲೆ ಎರಡೂ ಒಂದೇ, ಹ್ಯಾಶ್ ಮಾತ್ರ ಬೇರೆ. ‘ಕೀ’ಯಲ್ಲೂ ಹೀಗೆಯೇ, 6 ಮತ್ತು 9. ಡಿಟಿಪಿ ಅಂಗಡಿಗಳ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್ ಸಂಕೇತದಲ್ಲಿರುವ ಅರ್ಜಿಗೂ ಅದರ ಯೂನಿಕೋಡ್ ಪ್ರತಿಗೂ ಹೊಂದಿಕೆಯಾಗದು. ಆದ್ದರಿಂದ ಮೌಲ್ಯ ಬೇರೆ ಬಂತೆಂದು ಒಕ್ಕಣೆ ತಿದ್ದಲಾಗಿದೆ ಎಂದು ತೀರ್ಮಾನಿಸಬಾರದು. ಒಕ್ಕಣೆಯನ್ನು ಹೋಲಿಸಬೇಕಾದರೆ ನಕಲನ್ನು ಏಕರೂಪಕ್ಕೆ ತಂದು ಹೋಲಿಸಬಹುದು. ಸಾಕ್ಷ್ಯದ ಮೌಲ್ಯವನ್ನು ಮೂಲ ಬೈಟುಗಳಿಂದಲೇ ತೆಗೆಯಬೇಕು.