ಅಂಗೈಯಗಲದ ಸಾಮ್ರಾಜ್ಯ: ವಿಜಯನಗರದ ವರಹ

ಗಂಗಾವತಿ ತಾಲ್ಲೂಕಿನ ಆನೆಗೊಂದಿ ವಿಜಯನಗರದ ತೊಟ್ಟಿಲು. ಆ ಸಾಮ್ರಾಜ್ಯದ ಅರಸರ ಚಿನ್ನದ ನಾಣ್ಯವೇ ವರಹ. ತೂಕ ಸುಮಾರು 3.4 ಗ್ರಾಂ. ಅದರ ಅರ್ಧ ‘ಪ್ರತಾಪ’. ಪ್ರತಾಪದ ಹತ್ತನೇ ಒಂದು ಪಾಲು ‘ಪಣ’ ಎಂದು 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಬರೆದಿದ್ದಾನೆ.

ಮುದ್ರೆಯಿಂದ ಅರಸನನ್ನು ಗುರುತಿಸುವುದು ಹೇಗೆ?
• ಹನುಮಂತ: ಹರಿಹರ, ಬುಕ್ಕರ ಕಾಲ. ಹನುಮ ಹುಟ್ಟಿದನೆಂದು ನಂಬುವ, ಆನೆಗೊಂದಿ ಬಳಿಯ ಅಂಜನಾದ್ರಿಯ ನಾಡಿಗೆ ತಕ್ಕ ಮುದ್ರೆ.
• ಬಾಲಕೃಷ್ಣ: ಕೃಷ್ಣದೇವರಾಯ (1509–1529). ಹಿಂಬದಿಯಲ್ಲಿ ನಾಗರಿ ಲಿಪಿಯಲ್ಲಿ ಅರಸನ ಹೆಸರು.
• ಆನೆಗಳನ್ನು ಹಿಡಿದೆತ್ತಿದ ಗಂಡಭೇರುಂಡ: ಅಚ್ಯುತರಾಯ.

ಬೆಲೆ ಕಟ್ಟುವುದು ಹೇಗೆ?
ಹರಾಜಿನಲ್ಲಿ ಚಿನ್ನದ ತೂಕವೊಂದೇ ಲೆಕ್ಕಕ್ಕೆ ಬಾರದು. ಮುದ್ರೆ ಎಷ್ಟು ಅಪರೂಪ, ಅಕ್ಷರ ಎಷ್ಟು ಸ್ಪಷ್ಟ, ಅಂಚು ಸವೆದಿದೆಯೇ, ಹಿಂದೆ ಯಾರ ಸಂಗ್ರಹದಲ್ಲಿತ್ತು ಎಂಬುದನ್ನೂ ಸಂಗ್ರಾಹಕರು ನೋಡುತ್ತಾರೆ. ಸರಕ್ಕೆ ಪೋಣಿಸಲು ಕೊಕ್ಕೆ ಬೆಸೆದ ವರಹಕ್ಕೆ ಬೆಲೆ ಕಡಿಮೆ. ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿದ ತಾಮ್ರದ ಕಾಸೂ ಹಾಗೆಯೇ.

ನೆನಪಿಡಿ
ಹೊಲ ಉಳುವಾಗ, ಅಡಿಪಾಯ ತೋಡುವಾಗ ಹಳೆಯ ನಾಣ್ಯ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಿ. ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಪುರಾವಸ್ತು ಕಾಯ್ದೆ ನಿಷೇಧಿಸಿದೆ.